ಮೊದಲು ಹುಳದ ಟ್ರೇ, ಆಮೇಲೆ ಹಕ್ಕಿ ಗೂಡು: ಕರಾವಳಿಯ ಮನೆಯಲ್ಲಿ ಫಿಂಚ್ ಮರಿಗಳಿಗೆ ಜೀವಂತ ಆಹಾರ

ಪಂಜರದಲ್ಲಿ ಸಾಕುವ ಪುಟ್ಟ ಹಕ್ಕಿ ಜೀಬ್ರಾ ಫಿಂಚ್‌ನ ಮರಿ ಮೊಟ್ಟೆಯಿಂದ ಹೊರಗೆ ಬಂದಾಗ ಒಂದು ಗ್ರಾಂ ಕೂಡ ತೂಗುವುದಿಲ್ಲ. ಕಣ್ಣು ಮುಚ್ಚಿರುತ್ತದೆ. ಮೈಮೇಲೆ ಅಲ್ಲಲ್ಲಿ ನೂಲಿನ ಎಳೆಯಂಥ ರೋಮ. ಅದೇ ಮರಿ ಮೂರು ವಾರದೊಳಗೆ ಗರಿ ತುಂಬಿಕೊಂಡು ಗೂಡು ಬಿಟ್ಟು ಹಾರುತ್ತದೆ. ಆಗ ಅದರ ತೂಕ 10 ಗ್ರಾಂ ಹತ್ತಿರ. ಅಂದರೆ ಸುಮಾರು 20 ದಿನದಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ಬೆಳವಣಿಗೆ. ಇಷ್ಟು ಬೇಗ ಮಾಂಸ, ಎಲುಬು, ಗರಿ ಎಲ್ಲ ಆಗಬೇಕಾದರೆ ಬರೀ ನವಣೆ ಸಾಕಾಗುತ್ತದಾ?

ನವಣೆಯಲ್ಲಿ ಪ್ರೋಟೀನ್ ಇಲ್ಲವೆಂದಲ್ಲ. 100 ಗ್ರಾಂಗೆ ಸುಮಾರು 12 ಗ್ರಾಂ ಇರುತ್ತದೆ. ಆದರೆ ಬೆಳೆಯುವ ಮರಿಗೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಕಡಿಮೆ. ಸಿರಿಧಾನ್ಯಗಳೆಲ್ಲದರ ಕೊರತೆಯೂ ಇದೇ. ಹುಳದಲ್ಲಿ ಹಾಗಲ್ಲ. ಹಕ್ಕಿಗೆ ಕೊಡಲು ಸಾಕುವ ಮೀಲ್‌ವರ್ಮ್ ಎಂಬ ಹುಳ ಜೀವಂತ ಇರುವಾಗ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು, ಐದನೇ ಒಂದು ಭಾಗದಷ್ಟು ಪ್ರೋಟೀನ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬು. ಒಣಗಿಸಿ ಲೆಕ್ಕ ಹಾಕಿದರೆ ಅರ್ಧದಷ್ಟು ಪ್ರೋಟೀನೇ. ಮೆತ್ತಗಿನ ಹುಳವಾದರೆ ಎಳೆ ಮರಿಯ ಹೊಟ್ಟೆಗೂ ಸುಲಭ, ಜೊತೆಗೆ ನೀರೂ ಸಿಗುತ್ತದೆ.

ಹಾಗಂತ ಎಲ್ಲ ಫಿಂಚ್‌ಗೂ ಹುಳ ಇಲ್ಲದೆ ಆಗುವುದೇ ಇಲ್ಲ ಎಂದಲ್ಲ. ಜೀಬ್ರಾ, ಬೆಂಗಲೀಸ್, ಗೂಲ್ಡಿಯನ್ ಜೋಡಿಗಳು ಮೊಳಕೆ ಕಾಳು ಮತ್ತು ಬೇಯಿಸಿದ ಮೊಟ್ಟೆಯಲ್ಲೇ ಮರಿ ದೊಡ್ಡ ಮಾಡುತ್ತವೆ. ಹುಳ ಕೊಟ್ಟರೆ ಮರಿಗಳು ಇನ್ನೂ ಗಟ್ಟಿಮುಟ್ಟಾಗಿ ಬರುತ್ತವೆ, ಅಷ್ಟೇ. ಆದರೆ ಆಫ್ರಿಕಾದ ಕಾರ್ಡನ್ ಬ್ಲೂ, ಫೈರ್ ಫಿಂಚ್ ಥರದ ವ್ಯಾಕ್ಸ್‌ಬಿಲ್‌ಗಳ ಕಥೆಯೇ ಬೇರೆ. ಕಾಡಿನಲ್ಲಿ ಅವು ಮರಿಗಳಿಗೆ ಮೊದಲ ದಿನಗಳಲ್ಲಿ ಹುಳವನ್ನೇ ತಿನ್ನಿಸುತ್ತವೆ. ಹುಳ ಕಾಣದಿದ್ದರೆ ಮರಿ ಸಾಕುವ ಕೆಲಸವನ್ನೇ ಕೈಬಿಡುತ್ತವೆ.

ನಮ್ಮ ಮನೆ ಉಡುಪಿ ಜಿಲ್ಲೆಯ ಕಟಪಾಡಿ ಕಡೆ. ಎರಡು ವರ್ಷದ ಹಿಂದೆ ನಮ್ಮ ಕಾರ್ಡನ್ ಬ್ಲೂ ಜೋಡಿ ಮೊದಲ ಸಲ ಮರಿ ಮಾಡಿತ್ತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಪಂಜರದ ತಳದಲ್ಲಿ ಮೂರು ಮರಿಗಳು ಬಿದ್ದಿದ್ದವು. ಎರಡು ತಣ್ಣಗಾಗಿದ್ದವು. ಒಂದು ಇನ್ನೂ ಬಾಯಿ ತೆರೆಯುತ್ತಿತ್ತು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಗೂಡಿಗೆ ಹಾಕಿದೆ. ಸಂಜೆ ಹೊತ್ತಿಗೆ ಅದೂ ಮತ್ತೆ ಕೆಳಗೆ. ಬಟ್ಟಲು ತುಂಬ ನವಣೆ ಇತ್ತು, ಮೊಟ್ಟೆಯ ಪುಡಿ ಇತ್ತು, ಸೊಪ್ಪು ಇತ್ತು. ಹುಳ ಮಾತ್ರ ಇರಲಿಲ್ಲ. ಆರ್ಡರ್ ಹಾಕಿದ ಹುಳ ನಾಲ್ಕು ದಿನ ತಡವಾಗಿ ಬಂತು. ಆ ಡಬ್ಬ ಕೈಗೆ ಬಂದಾಗ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಅಪ್ಪ ಅಮ್ಮ ಹಕ್ಕಿ ಮರಿಯನ್ನು ಹೊರಗೆ ಎಸೆದರೆ ಅದನ್ನು ಕ್ರೂರತನ ಎನ್ನಬಾರದು. ಹುಳ ಸಿಗದ ಕಾಲದಲ್ಲಿ ಮರಿ ಉಳಿಯುವುದಿಲ್ಲ. ಇದ್ದ ಶಕ್ತಿಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳುವುದೇ ಅವುಗಳ ಲೆಕ್ಕ. ಪಂಜರದೊಳಗೆ ಹುಳ ಇರುತ್ತದೋ ಇಲ್ಲವೋ ಎಂಬುದು ಸಾಕುವವರ ಕೈಯಲ್ಲಿರುತ್ತದೆ. ಅದಕ್ಕೇ ಹೇಳುವುದು, ಗೂಡಿನ ಡಬ್ಬ ಪಂಜರಕ್ಕೆ ಕಟ್ಟುವ ಮೂರು ನಾಲ್ಕು ತಿಂಗಳ ಮೊದಲೇ ಹುಳದ ಟ್ರೇ ಶುರುವಾಗಿರಬೇಕು.

ಹುಳದ ಲೆಕ್ಕ

ಮೀಲ್‌ವರ್ಮ್ ಎನ್ನುವುದು ನಿಜವಾಗಿ ಒಂದು ಕಪ್ಪು ದುಂಬಿಯ ಮರಿಹುಳ. ಧಾನ್ಯ, ಹಿಟ್ಟು ಇಟ್ಟ ಜಾಗದಲ್ಲಿ ಬದುಕುವ ಜಾತಿ. ದುಂಬಿ ಮೊಟ್ಟೆ ಇಡುತ್ತದೆ. ಒಂದೆರಡು ವಾರದಲ್ಲಿ ಅದರಿಂದ ದಾರದ ತುಂಡಿನಂಥ ಹುಳ ಬರುತ್ತದೆ. ನಮ್ಮ ಸೆಕೆಯಲ್ಲಿ ಆ ಹುಳ ಪೂರ್ತಿ ಬೆಳೆಯಲು ಎರಡು ಮೂರು ತಿಂಗಳು. ಆಮೇಲೆ ಕೈಕಾಲು ಮಡಚಿ ಮಲಗಿದಂಥ ಬಿಳಿ ಪ್ಯೂಪಾ ಆಗುತ್ತದೆ. ಒಂದೆರಡು ವಾರ ಕಳೆದು ಅದರಿಂದ ದುಂಬಿ ಹೊರಗೆ ಬರುತ್ತದೆ. ಮೊದಲು ಅದು ತಿಳಿ ಕಂದು, ಕೆಲವು ದಿನದಲ್ಲಿ ಕಪ್ಪು. ದುಂಬಿ ಎರಡು ಮೂರು ತಿಂಗಳು ಬದುಕುತ್ತದೆ. ಅಷ್ಟರಲ್ಲಿ ಒಂದು ಹೆಣ್ಣು ಕೆಲವು ನೂರು ಮೊಟ್ಟೆ ಇಡುತ್ತದೆ.

ಈ ಸುತ್ತು ತಲೆಯಲ್ಲಿದ್ದರೆ ಕ್ಯಾಲೆಂಡರ್ ತಾನಾಗಿ ಸಿಗುತ್ತದೆ. ನಮ್ಮಲ್ಲಿ ಹಕ್ಕಿ ಮರಿ ಮಾಡಿಸಲು ಒಳ್ಳೆಯ ಕಾಲ ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ. ಆಗ ಮರಿಗೆ ಕೊಡುವ ಸೈಜಿನ ಹುಳ ಬೇಕಾದರೆ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ ಹುಳ ತಂದು ಸಾಕಲು ಶುರು ಮಾಡಬೇಕು. ತಂದ ಹುಳ ಮಳೆ ಹಿಡಿಯುವ ಹೊತ್ತಿಗೆ ಪ್ಯೂಪಾ, ಜುಲೈಯಲ್ಲಿ ದುಂಬಿ. ಚೌತಿ ಹೊತ್ತಿಗೆ ಟ್ರೇಯಲ್ಲಿ ಸಣ್ಣ ಹುಳ ಓಡಾಡುತ್ತಿರುತ್ತವೆ. ನವರಾತ್ರಿಗೆ ಗೂಡು ಕಟ್ಟಬಹುದು.

ಶುರು ಮಾಡಲು 250 ರಿಂದ 300 ಹುಳ ಸಾಕು. ನುಣುಪಾದ ಗೋಡೆಯ ಪ್ಲಾಸ್ಟಿಕ್ ಟ್ರೇ ಬೇಕು, ನಾಲ್ಕೈದು ಇಂಚು ಎತ್ತರ. ಗೋಡೆ ನುಣುಪಾಗಿದ್ದರೆ ಹುಳವೂ ಹತ್ತುವುದಿಲ್ಲ, ದುಂಬಿಯೂ ಹತ್ತುವುದಿಲ್ಲ. ಆಹಾರ ಎಂದರೆ ಗೋಧಿ ಬೂಸಾ. ದನದ ಹಿಂಡಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಉಪ್ಪು, ಖನಿಜ ಸೇರಿಸಿದ ಮಿಶ್ರಣ ಬೇಡ, ಬರೀ ಬೂಸಾ ಕೇಳಿ. ತಂದ ಬೂಸಾವನ್ನು ನೇರ ಟ್ರೇಗೆ ಹಾಕಬೇಡಿ. ಅದರಲ್ಲಿ ಆಗಲೇ ಬೇರೆ ಹುಳದ ಮೊಟ್ಟೆ, ನುಸಿ ಇರುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ನಾಲ್ಕು ದಿನ ಇಡಿ. ಹೊರಗೆ ತೆಗೆದ ಮೇಲೆ ಚೀಲ ಪೂರ್ತಿ ರೂಮಿನ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣಗಿನ ಬೂಸಾ ಗಾಳಿಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಫ್ರೀಜರ್‌ನಲ್ಲಿ ಜಾಗ ಇಲ್ಲದವರು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಆರಿಸಿ ಹಾಕಬಹುದು.

ಟ್ರೇಯಲ್ಲಿ ಬೂಸಾ ಮೂರು ನಾಲ್ಕು ಸೆಂಟಿಮೀಟರ್ ದಪ್ಪ ಇದ್ದರೆ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಹುಳ ಎಂದು ತೋರುತ್ತದೆ, ಹಾಗಲ್ಲ. ಹುಳ ಗುಂಪಾಗಿ ಸೇರಿದಾಗ ಅವುಗಳ ಮೈ ಬಿಸಿಯಿಂದಲೇ ಒಳಗೆ ಕಾವು ಏರುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಹೊರಗೇ 34, 35 ಡಿಗ್ರಿ ಇರುವಾಗ ದಪ್ಪ ಟ್ರೇಯ ನಡುವೆ ಕೈ ಹಾಕಿ ನೋಡಿ, ಬಿಸಿ ಗೊತ್ತಾಗುತ್ತದೆ. ಅವುಗಳಿಗೆ ಹಿತ 25 ರಿಂದ 28 ಡಿಗ್ರಿ.

ಎರಡನೇ ಟ್ರೇ ಪ್ಯೂಪಾಗಳಿಗೆ. ಇದು ಬೇಕೇ ಬೇಕು. ಪ್ಯೂಪಾ ಓಡಲಾರದು, ಕಚ್ಚಲಾರದು. ಹಸಿದ ಹುಳ ಮತ್ತು ದುಂಬಿಗಳು ಅದನ್ನು ತಿಂದುಬಿಡುತ್ತವೆ. ಎರಡು ದಿನಕ್ಕೊಮ್ಮೆ ಪ್ಯೂಪಾಗಳನ್ನು ಚಮಚದಿಂದ ಹೆಕ್ಕಿ ಬೇರೆ ಇಡಿ. ಮೂರನೆಯದು ದುಂಬಿಗಳ ಟ್ರೇ. ದುಂಬಿಗಳೂ ತಮ್ಮ ಮೊಟ್ಟೆಯನ್ನೇ ತಿನ್ನುತ್ತವೆ. ಆದ್ದರಿಂದ 12 ರಿಂದ 15 ದಿನಕ್ಕೊಮ್ಮೆ ದುಂಬಿಗಳನ್ನು ಹೊಸ ಬೂಸಾಕ್ಕೆ ದಾಟಿಸಿ. ಹಳೆಯ ಟ್ರೇಯಲ್ಲಿ ಮೊಟ್ಟೆಗಳು ಉಳಿಯುತ್ತವೆ. ಮೊಟ್ಟೆ ಅಂಟಂಟು, ಬೂಸಾ ಪುಡಿ ಮೆತ್ತಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಏನೂ ಇಲ್ಲವೆಂದು ಎಸೆಯಬೇಡಿ. ಟ್ರೇಗೆ ತಾರೀಕು ಬರೆದು ಅಂಟಿಸಿ ಬದಿಗಿಡಿ. ಮೂರು ನಾಲ್ಕು ವಾರದ ಮೇಲೆ ಬೆಳಕಿಗೆ ಹಿಡಿದು ಸುಮ್ನೆ ನೋಡಿ. ಬೂಸಾದ ಮೇಲ್ಮೈ ಸಣ್ಣಗೆ ಉಸಿರಾಡಿದಂತೆ ಅಲುಗುತ್ತಿರುತ್ತದೆ. ಅದೇ ನಿಮ್ಮ ಹೊಸ ಹುಳ.

ಹೀಗೆ ಹದಿನೈದು ದಿನಕ್ಕೊಂದು ತಾರೀಕಿನ ಟ್ರೇ ಸೇರುತ್ತಾ ಹೋದರೆ ಯಾವತ್ತೂ ಎಲ್ಲ ಸೈಜಿನ ಹುಳ ಕೈಗೆ ಸಿಗುತ್ತದೆ. ಮರಿಗಳಿಗೆ ಬೇಕಾದದ್ದೂ ಅದೇ.

ಒಣಗಿಸಿ ಇಡುವುದೇ ದೊಡ್ಡ ಕೆಲಸ

ವಿದೇಶದ ಬರಹಗಳನ್ನು ಓದಿ ಹುಳ ಸಾಕಲು ಹೊರಟವರು ನಮ್ಮ ಕಡೆ ಎಡವುವುದು ಇಲ್ಲಿಯೇ. ಅಲ್ಲಿ ಚಳಿ. ಅದಕ್ಕೆ ಅವರು ಟ್ರೇ ಬಿಸಿ ಮಾಡಿ, ಕ್ಯಾರೆಟ್ ಹಾಕಿ, ತೇವ ಕೊಡಿ ಎನ್ನುತ್ತಾರೆ. ನಮಗೆ ವರ್ಷವಿಡೀ ಬಿಸಿ ಪುಕ್ಕಟೆ ಸಿಗುತ್ತದೆ. ತೇವವೂ ಬೇಡವೆಂದರೂ ಬರುತ್ತದೆ. ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಮಳೆ 4,000 ಮಿಲಿಮೀಟರ್ ಆಸುಪಾಸು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಆಟಿಯಲ್ಲಿ, ಅಂದರೆ ಜುಲೈ ಆಗಸ್ಟ್‌ನ ಜೋರು ಮಳೆಯಲ್ಲಿ, ಕಪಾಟಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಲ್ಲಿ ಬೂಸಾ ಟ್ರೇಗೆ ಹಸಿ ತರಕಾರಿ ಹಾಕಿ ಮುಚ್ಚಿಟ್ಟರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾ?

ನನಗೆ ಆದದ್ದು ಹೇಳುತ್ತೇನೆ. ಮೊದಲ ವರ್ಷ ಜುಲೈಯಲ್ಲಿ ಟ್ರೇಯ ಮೂಲೆಯಲ್ಲಿ ಗೋಧಿ ಹಿಟ್ಟು ಚೆಲ್ಲಿದ ಹಾಗೆ ತಿಳಿ ಕಂದು ಪುಡಿ ಕಂಡಿತು. ಹುಳದ ಹಿಕ್ಕೆ ಇರಬೇಕು ಎಂದುಕೊಂಡೆ. ಮರುದಿನ ಆ ಪುಡಿ ಟ್ರೇಯ ಗೋಡೆಯ ಅರ್ಧಕ್ಕೆ ಏರಿತ್ತು. ಹಿಕ್ಕೆ ಗೋಡೆ ಹತ್ತುವುದಿಲ್ಲ ಅಲ್ವಾ? ಮೊಬೈಲ್ ಟಾರ್ಚ್ ಹಾಕಿ, ಬೆರಳಿನಿಂದ ಪುಡಿಯ ನಡುವೆ ಒಂದು ಗೆರೆ ಎಳೆದೆ. ಎರಡು ನಿಮಿಷ ಕಾದೆ. ಗೆರೆಯ ಅಂಚು ಮೆಲ್ಲಗೆ ಕದಡಿ ಮುಚ್ಚಿಕೊಳ್ಳತೊಡಗಿತು. ಅಷ್ಟೂ ಪುಡಿ ಜೀವಂತ ನುಸಿ. ವಾರದೊಳಗೆ ಸಣ್ಣ ಹುಳಗಳೆಲ್ಲ ಸತ್ತವು. ಆ ಹುಳಗಳನ್ನು ತಂದ ಅಂಗಡಿಯ ಡಬ್ಬದಲ್ಲೇ ನುಸಿ ಇತ್ತೋ, ಬೂಸಾದಲ್ಲಿತ್ತೋ, ಗೊತ್ತಾಗಲಿಲ್ಲ. ಈಗ ಮಾತ್ರ ಹೊರಗಿನಿಂದ ಬಂದ ಯಾವ ಹುಳವನ್ನೂ ಹತ್ತು ದಿನ ಬೇರೆ ಡಬ್ಬದಲ್ಲಿ, ಬೇರೆ ಕೋಣೆಯಲ್ಲಿ ಇಟ್ಟು ನೋಡದೆ ಒಳಗೆ ಸೇರಿಸುವುದಿಲ್ಲ.

ನುಸಿಯನ್ನು ಗೆಲ್ಲಲು ಅದರ ಒಂದು ದೌರ್ಬಲ್ಯ ತಿಳಿದಿರಬೇಕು. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಮೈಯಿಂದಲೇ ಹೀರಿಕೊಂಡು ಬದುಕುತ್ತದೆ. ಗಾಳಿಯ ತೇವ ಶೇಕಡ 65 ರಿಂದ ಕೆಳಗೆ ಇಳಿದು ಹಾಗೇ ನಿಂತರೆ ಅದು ಒಣಗಿ ಸಾಯುತ್ತದೆ. ಮೀಲ್‌ವರ್ಮ್ ಹಾಗಲ್ಲ. ಒಣ ಬೂಸಾದಲ್ಲೂ ಬದುಕುತ್ತದೆ, ಬೇಕಾದಷ್ಟು ನೀರನ್ನು ಒಂದು ಚೂರು ಕ್ಯಾರೆಟ್‌ನಿಂದ ಪಡೆಯುತ್ತದೆ. ಅಂದರೆ ಒಣಗಾಳಿ ನುಸಿಯನ್ನು ಕೊಲ್ಲುತ್ತದೆ, ಹುಳವನ್ನು ಉಳಿಸುತ್ತದೆ.

ಇನ್ನೊಂದು ಸೋಜಿಗ ಕೇಳಿ. ಗಾಳಿಯ ತೇವ ಶೇಕಡ 90 ರ ಹತ್ತಿರ ಏರಿದಾಗ ಮೀಲ್‌ವರ್ಮ್ ಗಾಳಿಯಿಂದಲೇ ನೀರು ಹೀರಿಕೊಳ್ಳಬಲ್ಲದು. ಕರುಳಿನ ಹಿಂಭಾಗದಲ್ಲಿ ಅದಕ್ಕೆಂದೇ ವಿಶೇಷ ಏರ್ಪಾಡು ಇದೆ. ನಮ್ಮ ಮಳೆಗಾಲದಲ್ಲಿ ಗಾಳಿ ಎಷ್ಟೋ ದಿನ ಹಾಗೇ ಇರುತ್ತದೆ. ಆಗ ಟ್ರೇಗೆ ಕ್ಯಾರೆಟ್ ಸುರಿಯುವುದು ನುಸಿಗೆ ಊಟ ಹಾಕಿದಂತೆ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡೇ ಸಲ, ಬೆರಳಿನಷ್ಟು ತೆಳುವಾದ ಚೂರು ಕ್ಯಾರೆಟ್ ಅಥವಾ ಬಟಾಟೆ ಬೆಳಿಗ್ಗೆ ಇಟ್ಟು ಸಂಜೆಗೆ ತೆಗೆಯುತ್ತೇನೆ. ಕತ್ತರಿಸಿದ ಮೇಲೆ ಅರ್ಧ ಗಂಟೆ ಫ್ಯಾನ್ ಕೆಳಗೆ ಇಟ್ಟು, ಮೇಲ್ಮೈ ಒಣಗಿದ ಮೇಲೆಯೇ ಟ್ರೇಗೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಕೊಡಬಹುದು.

ಬೂಸಾ ಒಣಗಿದೆಯಾ ಎಂದು ನೋಡಲು ಯಂತ್ರ ಬೇಡ. ಒಂದು ಮುಷ್ಟಿ ತೆಗೆದು ಬಿಗಿಯಾಗಿ ಹಿಡಿದು ಕೈ ಬಿಡಿ. ಅವಲಕ್ಕಿಯ ಹಾಗೆ ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಬದಲಿಸುವ ಹೊತ್ತಾಗಿದೆ. ಬೂಷ್ಟು ಬಂದ ಬೂಸಾವನ್ನು ಬಿಸಿಲಿಗೆ ಹಾಕಿ ಮತ್ತೆ ಬಳಸಬೇಡಿ. ಬೂಷ್ಟು ಬಿಡುವ ವಿಷ ಒಣಗಿದರೂ ಹೋಗುವುದಿಲ್ಲ. ಹುಳ ಅದನ್ನು ತಿನ್ನುತ್ತದೆ, ಹುಳವನ್ನು ಮರಿ ತಿನ್ನುತ್ತದೆ.

ಮಳೆಗಾಲದಲ್ಲಿ ಟ್ರೇಯ ಜಾಗ ಯಾವುದು? ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ, ಅಡುಗೆಮನೆಯ ಅಟ್ಟದಲ್ಲಿ ಕೊಬ್ಬರಿ, ಹಪ್ಪಳ ಇಡುತ್ತಿದ್ದದ್ದು ನೆನಪು ಮಾಡಿಕೊಳ್ಳಿ. ಅದರ ಹಿಂದಿರುವ ಲೆಕ್ಕ ಇಷ್ಟೇ: ಗಾಳಿ ಬಿಸಿಯಾದಷ್ಟೂ ಅದಕ್ಕೆ ಹೆಚ್ಚು ನೀರು ಹಿಡಿಯುವ ಶಕ್ತಿ ಬರುತ್ತದೆ. 26 ಡಿಗ್ರಿಯಲ್ಲಿ ಶೇಕಡ 90 ತೇವ ಇದ್ದ ಗಾಳಿಯನ್ನು 31 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿ ನೀರು ತೆಗೆಯದೆಯೇ ತೇವದ ಪ್ರಮಾಣ ಶೇಕಡ 67 ರ ಹತ್ತಿರ ಇಳಿಯುತ್ತದೆ. ಐದೇ ಡಿಗ್ರಿಯ ವ್ಯತ್ಯಾಸ. ನಾನು ಹಳೆಯ ಮರದ ಕಪಾಟಿನ ಕೆಳಗಿನ ಅರೆಯಲ್ಲಿ 15 ವಾಟ್‌ನ ಹಳೆ ಮಾದರಿ ಬಲ್ಬ್ ಉರಿಸಿ, ಮೇಲಿನ ಅರೆಗಳಲ್ಲಿ ಟ್ರೇ ಇಡುತ್ತೇನೆ. ಬಾಗಿಲು ಎರಡು ಬೆರಳು ತೆರೆದಿರುತ್ತದೆ. ಎಲ್‌ಇಡಿ ಹಾಕಿದರೆ ಪ್ರಯೋಜನ ಇಲ್ಲ, ನಮಗೆ ಬೇಕಾದದ್ದು ಬೆಳಕಲ್ಲ, ಬಿಸಿ. ಬಲ್ಬ್ ಸುತ್ತ ಮರ, ಬಟ್ಟೆ, ಬೂಸಾ ತಾಗದ ಹಾಗೆ ಜಾಗ ಬಿಡಿ. ತೇವ ತೋರಿಸುವ ಸಣ್ಣ ಮೀಟರ್ ಒಂದು ಒಳಗಿಟ್ಟರೆ ಇನ್ನೂ ಒಳ್ಳೆಯದು.

ಟ್ರೇಗೆ ಗಟ್ಟಿ ಮುಚ್ಚಳ ಬೇಡ. ಸೊಳ್ಳೆ ಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿದರೆ ಹಲ್ಲಿ, ಜಿರಳೆ ಒಳಗೆ ಬರುವುದಿಲ್ಲ, ಗಾಳಿಯೂ ಆಡುತ್ತದೆ.

ಇರುವೆಯ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಕಪಾಟಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ಇಡಿ, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಕಪಾಟು ಗೋಡೆಗೆ ತಾಗದಿರಲಿ. ಇರುವೆ ಚಾಕ್ ಮಾತ್ರ ಎಳೆಯಬೇಡಿ. ಅದರಲ್ಲಿರುವುದು ಕೀಟನಾಶಕ. ನೀವು ಸಾಕುತ್ತಿರುವುದೂ ಕೀಟವೇ ಅಲ್ವಾ? ಸೊಳ್ಳೆ ಕಾಯಿಲ್, ಸ್ಪ್ರೇ ಕೂಡ ಆ ಕೋಣೆಯಲ್ಲಿ ಬೇಡ.

ಹುಳ ಒಂದೂವರೆ ಎರಡು ತಿಂಗಳಾದ ಮೇಲೆ ಬೂಸಾ ಸಣ್ಣಗೆ ಮರಳಿನ ಹಾಗೆ ಆಗಿರುತ್ತದೆ. ಅದು ಹಿಕ್ಕೆ. ಮೈದಾ ಜರಡಿಯಲ್ಲಿ ಜಾಲಿಸಿ ತೆಗೆಯಿರಿ. ಅದಕ್ಕಿಂತ ಮೊದಲು ಜಾಲಿಸಿದರೆ ಎಳೆ ಹುಳವೂ ಜರಡಿಯಿಂದ ಕೆಳಗೆ ಹೋಗುತ್ತದೆ. ಜಾಲಿಸುವಾಗ ಮೂಗಿಗೆ ಮಾಸ್ಕ್ ಹಾಕಿ, ಅಂಗಳದಲ್ಲಿ ಮಾಡಿ. ಈ ಧೂಳಿನಿಂದ ಕೆಲವರಿಗೆ ಸೀನು, ದಮ್ಮು ಶುರುವಾಗುತ್ತದೆ. ಹಿಕ್ಕೆ ಒಳ್ಳೆಯ ಗೊಬ್ಬರ. ನಮ್ಮ ಚಟ್ಟಿಯ ಮಲ್ಲಿಗೆಗೆ ತಿಂಗಳಿಗೊಂದು ಮುಷ್ಟಿ ಹೋಗುತ್ತದೆ.

ಬೇರೆ ಹುಳಗಳು

ಗೆದ್ದಲಿನಷ್ಟು ಒಳ್ಳೆಯ ಮರಿ ಆಹಾರ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ಮೆತ್ತಗೆ, ಸಣ್ಣಗೆ, ಬಿಳಿ. ವ್ಯಾಕ್ಸ್‌ಬಿಲ್‌ಗಳು ಬಟ್ಟಲು ಕೆಳಗಿಡುವ ಮೊದಲೇ ಕೈ ಹತ್ತಿರ ಬರುತ್ತವೆ. ಕುಂದಾಪುರ ಕಡೆಯವರು ಒರಲೆ ಎನ್ನುತ್ತಾರೆ. ಹಳ್ಳಿಯಲ್ಲಿ ಕೋಳಿ ಮರಿಗೆ ಹಿಡಿಯುವ ಉಪಾಯವೇ ಇಲ್ಲಿಗೂ ಸಾಕು. ಹಳೆಯ ಮಣ್ಣಿನ ಮಡಕೆಯಲ್ಲಿ ಒದ್ದೆ ಬೈಹುಲ್ಲು, ಒಣ ಸೆಗಣಿ, ರಟ್ಟಿನ ಚೂರು ತುಂಬಿ, ತೋಟದಲ್ಲಿ ಗೆದ್ದಲು ಓಡಾಡುವ ಕಡೆ ಬೋರಲು ಹಾಕಿ. ಒಂದೆರಡು ದಿನದಲ್ಲಿ ಒಳಗೆ ಗೆದ್ದಲು ಸೇರಿರುತ್ತದೆ. ಬಿಳಿ ಬಟ್ಟಲಿನ ಮೇಲೆ ರಟ್ಟು ಕೊಡವಿದರೆ ಉದುರುತ್ತದೆ. ಅದನ್ನು ಮನೆಯೊಳಗೆ ಸಾಕಲು ಹೋಗಬೇಡಿ. ರಾಣಿ ಇಲ್ಲದೆ ಗುಂಪು ಬೆಳೆಯುವುದಿಲ್ಲ, ತಪ್ಪಿಸಿಕೊಂಡರೆ ಕಿಟಕಿ ಬಾಗಿಲಿಗೆ ಹಾನಿ. ಗೆದ್ದಲಿನ ಔಷಧಿ ಹೊಡೆದ ಮನೆಯ ಸುತ್ತ, ಅಡಿಕೆ ತೋಟಕ್ಕೆ ಔಷಧಿ ಬಿಟ್ಟ ದಿನಗಳಲ್ಲಿ ಹಿಡಿಯಲೂ ಬೇಡಿ.

ಔಷಧಿಯ ಮಾತು ಬಂದಾಗ ಇನ್ನೊಂದು ಹೇಳಬೇಕು. ನಮ್ಮದು ಶಂಕರಪುರ ಮಲ್ಲಿಗೆಯ ಸೀಮೆ. ಪಕ್ಕದ ಮನೆಯ ಅಕ್ಕನ ತೋಟದಲ್ಲಿ ಹಸಿರು ಹುಳ ಕಂಡು ಒಮ್ಮೆ ಕೇಳಿದ್ದೆ, "ಅಕ್ಕ, ನಾಲ್ಕು ಹುಳ ತೆಗೆದುಕೊಳ್ಳಲಾ?" ಅಂತ. "ಬೇಡ ಮಾರಾಯ್ತಿ, ಮೊನ್ನೆಯಷ್ಟೇ ಮದ್ದು ಬಿಟ್ಟದ್ದು. ನಿನ್ನ ಹಕ್ಕಿಗೆ ಏನಾದರೂ ಆದರೆ ನನಗೆ ಬೇಜಾರಾಗುತ್ತದೆ" ಎಂದರು. ಅವರು ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಎಲೆಯ ಮೇಲೆ ಸಿಕ್ಕಿದ ಹುಳದ ಪೂರ್ವಕಥೆ ನಮಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಸಾಕಿದ ಹುಳದ ದೊಡ್ಡ ಲಾಭವೇ ಅದು, ಅದರ ಊಟ ನಮ್ಮ ಕೈಯದ್ದು.

ಹಣ್ಣಿನ ನೊಣ ಸುಲಭ. ಅಗಲ ಬಾಯಿಯ ಬಾಟಲಿಯಲ್ಲಿ ಕಳಿತ ಬಾಳೆಹಣ್ಣು, ಒಂದು ಹಿಡಿ ಓಟ್ಸ್, ಚಿಟಿಕೆ ಯೀಸ್ಟ್, ಬೂಷ್ಟು ಬಾರದಿರಲು ಚಮಚ ವಿನೆಗರ್. ಒಂದು ದಿನ ತೆರೆದಿಟ್ಟರೆ ನೊಣಗಳು ತಾವಾಗಿ ಬರುತ್ತವೆ, ಹಲಸಿನ ಕಾಲದಲ್ಲಂತೂ ಕೇಳುವುದೇ ಬೇಡ. ಬಟ್ಟೆ ಕಟ್ಟಿಡಿ. ಹತ್ತು ಹದಿನಾಲ್ಕು ದಿನದಲ್ಲಿ ಹೊಸ ನೊಣ. ಬಾಟಲಿಯ ಬಾಯಿಗೆ ನೊಣ ಮಾತ್ರ ದಾಟುವ ಬಲೆ ಕಟ್ಟಿ ಪಂಜರದೊಳಗೆ ಇಟ್ಟರೆ, ಹಕ್ಕಿಗಳು ಅದರ ಸುತ್ತಲೇ ಕೂತಿರುತ್ತವೆ. ಮೊದಲ ಮೂರು ನಾಲ್ಕು ದಿನದ ಮರಿಗೆ ಇದು ಹೇಳಿ ಮಾಡಿಸಿದ ಸೈಜು.

ಬಫಲೋ ವರ್ಮ್ ಎಂಬ ಇನ್ನೊಂದು ಸಣ್ಣ ಹುಳ ನಮ್ಮ ಸೆಕೆಗೆ ಚೆನ್ನಾಗಿ ಒಗ್ಗುತ್ತದೆ, ಸಿಪ್ಪೆಯೂ ತೆಳು. ಇದೇ ಹುಳ ಕೋಳಿ ಫಾರ್ಮ್‌ಗಳ ಹಾಸಿನಲ್ಲೂ ಇರುತ್ತದೆ. ಅಲ್ಲಿಂದ ತರಬೇಡಿ, ಕೋಳಿಯ ರೋಗಗಳನ್ನು ಹೊತ್ತು ತರುತ್ತದೆ. ವೈಟ್ ವರ್ಮ್‌ಗೆ ತಂಪು ಬೇಕು, ನಮ್ಮಲ್ಲಿ ಆಗುವ ಮಾತಲ್ಲ. ಮೇಣದ ಪತಂಗದ ಹುಳ ರುಚಿ ನಿಜ, ಆದರೆ ಅದು ಜೇನು ಪೆಟ್ಟಿಗೆಯ ಶತ್ರು. ಅಕ್ಕಪಕ್ಕದಲ್ಲಿ ಯಾರಾದರೂ ಜೇನು ಸಾಕುತ್ತಿದ್ದರೆ ಆ ಯೋಚನೆ ಬಿಡಿ. ಮೀನಿನ ತಲೆ, ಕರುಳಿನಲ್ಲಿ ಎದ್ದ ಹುಳವನ್ನು ಯಾವ ಕಾರಣಕ್ಕೂ ಹಕ್ಕಿಗೆ ಕೊಡಬೇಡಿ. ಕೊಳೆತ ಮಾಂಸದಲ್ಲಿ ಹುಟ್ಟುವ ಬಾಟುಲಿಸಂ ವಿಷ ಆ ಹುಳಗಳ ಮೈಯಲ್ಲಿ ಸೇರಿರುತ್ತದೆ, ಹುಳಕ್ಕೆ ಏನೂ ಆಗುವುದಿಲ್ಲ, ಹಕ್ಕಿ ಸಾಯುತ್ತದೆ.

ಗದ್ದೆ ಬದಿಯಲ್ಲಿ ಕಾಣುವ ನಮ್ಮ ರಾಟವಾಳಗಳೂ (ಮುನಿಯಾ ಹಕ್ಕಿಗಳು) ಫಿಂಚ್‌ಗಳ ಹತ್ತಿರದ ನೆಂಟರೇ. ಅವುಗಳನ್ನು ಹಿಡಿಯುವುದು, ಸಾಕುವುದು 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ.

ಮರಿಗೆ ಕೊಡುವಾಗ

ಮೀಲ್‌ವರ್ಮ್‌ನಲ್ಲಿ ಒಂದು ದೊಡ್ಡ ಕೊರತೆ ಇದೆ, ಕ್ಯಾಲ್ಸಿಯಂ. ಎಲುಬು ಬೆಳೆಯಬೇಕಾದರೆ ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಜಾಸ್ತಿ ಇರಬೇಕು. ಹುಳದಲ್ಲಿ ಉಲ್ಟಾ, ರಂಜಕವೇ ಹತ್ತು ಪಟ್ಟಿಗಿಂತ ಜಾಸ್ತಿ. ಬರೀ ಹುಳ ತಿಂದು ಬೆಳೆದ ಮರಿಯ ಕಾಲು ಸೊಟ್ಟಗಾಗುವುದು ಇದರಿಂದ. ಇದಕ್ಕೆ ಮದ್ದು ನಮ್ಮ ಕಡಲ ದಂಡೆಯಲ್ಲೇ ಬಿದ್ದಿರುತ್ತದೆ. ಮಲ್ಪೆ, ಕಾಪು ಕಡೆ ಮರಳಿನ ಮೇಲೆ ಬಿಳಿ ದೋಣಿಯ ಹಾಗೆ ಕಾಣುವ ಹಗುರ ಚಿಪ್ಪು ನೋಡಿರುತ್ತೀರಿ. ಅದು ಕಪ್ಪೆ ಬೊಂಡಾಸ್ ಎಂಬ ಕಡಲಜೀವಿಯ (ಕಟಲ್‌ಫಿಶ್) ಬೆನ್ನಿನ ಚಿಪ್ಪು, ಕಟಲ್‌ಬೋನ್. ಆಯುರ್ವೇದದವರು ಸಮುದ್ರಫೇನ ಎನ್ನುತ್ತಾರೆ. ನಾಲ್ಕೈದು ದಿನ ಸಿಹಿನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಉಪ್ಪು ಹೋದ ಮೇಲೆ ಬಿಸಿಲಲ್ಲಿ ಒಣಗಿಸಿ. ಒಂದು ತುಂಡು ಪಂಜರಕ್ಕೆ ಕಟ್ಟಿ. ಇನ್ನೊಂದನ್ನು ಕೆರೆದು ಪುಡಿ ಮಾಡಿ. ಹುಳಗಳನ್ನು ಸಣ್ಣ ಸ್ಟೀಲ್ ಲೋಟಕ್ಕೆ ಹಾಕಿ, ಚಿಟಿಕೆ ಪುಡಿ ಉದುರಿಸಿ, ಲೋಟ ಎರಡು ಸಲ ಅಲುಗಿಸಿ ಕೂಡಲೇ ಹಕ್ಕಿಗೆ ಇಡಿ. ತಡ ಮಾಡಿದರೆ ಪುಡಿ ಉದುರಿಹೋಗುತ್ತದೆ. ಈ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ವಿಟಮಿನ್ ಬೇಕು. ಪಂಜರಕ್ಕೆ ಬೆಳಗಿನ ಬಿಸಿಲು ನೇರವಾಗಿ ತಾಗಲಿ, ಗಾಜಿನ ಕಿಟಕಿಯ ಒಳಗಿನಿಂದ ಬರುವ ಬಿಸಿಲಿಗೆ ಆ ಗುಣ ಇಲ್ಲ.

ಹುಳ ಬೆಳೆಯುವಾಗ ಹತ್ತಾರು ಸಲ ಪೊರೆ ಕಳಚುತ್ತದೆ. ಕಳಚಿದ ಕೂಡಲೇ ಅದು ಹಾಲಿನಷ್ಟು ಬಿಳಿ, ಬೇಯಿಸಿದ ಶಾವಿಗೆಯ ಎಳೆಯಷ್ಟು ಮೆತ್ತಗೆ. ಕೆಲವು ಗಂಟೆಯಲ್ಲಿ ಸಿಪ್ಪೆ ಮತ್ತೆ ಗಟ್ಟಿಯಾಗಿ ಹಳದಿ ಬಣ್ಣ ಬರುತ್ತದೆ. ಎಳೆ ಮರಿಗಳಿರುವ ಜೋಡಿಗೆ ಈ ಬಿಳಿ ಹುಳವನ್ನೇ ಹೆಕ್ಕಿ ಕೊಡಿ. ಬೆಳಿಗ್ಗೆ ಎದ್ದ ಕೂಡಲೇ ಟ್ರೇ ನೋಡಿದರೆ ಹತ್ತಿಪ್ಪತ್ತು ಸಿಗುತ್ತವೆ. ನುಂಗಿದ ಹುಳ ಮರಿಯ ಹೊಟ್ಟೆ ಕೊರೆದು ಹೊರಗೆ ಬರುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಸುಳ್ಳು. ಹಕ್ಕಿ ಕೊಕ್ಕಿನಲ್ಲಿ ಜಜ್ಜಿಯೇ ನುಂಗುತ್ತದೆ.

ಎಷ್ಟು ಕೊಡಬೇಕು? ಮರಿ ಇಲ್ಲದ ದಿನಗಳಲ್ಲಿ ನಾನು ಹಕ್ಕಿಗೆ ಎರಡು ಮೂರರ ಹಾಗೆ, ವಾರಕ್ಕೆ ಎರಡು ಸಲ ಕೊಡುತ್ತೇನೆ. ಜಾಸ್ತಿಯಾದರೆ ಕೊಬ್ಬು ಸೇರುತ್ತದೆ, ಕೊಬ್ಬಿದ ಹೆಣ್ಣಿಗೆ ಮೊಟ್ಟೆ ಇಡುವಾಗ ಕಷ್ಟ. ಜೋಡಿ ಗೂಡು ಕಟ್ಟಲು ಶುರು ಮಾಡಿದಾಗ ದಿನ ಬಿಟ್ಟು ದಿನ. ಜೀಬ್ರಾ ಫಿಂಚ್‌ನ ಮೊಟ್ಟೆ ಒಡೆಯಲು 12 ರಿಂದ 14 ದಿನ, ಅಂದರೆ ಹನ್ನೊಂದನೇ ದಿನದಿಂದಲೇ ಬಟ್ಟಲಲ್ಲಿ ಸಣ್ಣ ಹುಳ ಕಾಣುತ್ತಿರಲಿ. ಮರಿ ಬಂದ ಮೇಲೆ ಒಮ್ಮೆಲೇ ರಾಶಿ ಹಾಕುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದು. ವ್ಯಾಕ್ಸ್‌ಬಿಲ್ ಜೋಡಿಯಾದರೆ ಅರ್ಧ ಗಂಟೆಯಲ್ಲಿ ಖಾಲಿಯಾಗುವಷ್ಟು, ಪ್ರತಿ ಸಲವೂ. ಕೆಲಸಕ್ಕೆ ಹೋಗುವವರು ಮಧ್ಯಾಹ್ನ ಮನೆಯಲ್ಲಿರುವ ಯಾರಿಗಾದರೂ ಹೇಳಿಡಿ. ನಮ್ಮಲ್ಲಿ ಅಮ್ಮ ಆ ಹೊತ್ತಿನ ಹುಳ ಕೊಡುತ್ತಾರೆ. ಮೊದಲು ಹೇಸುತ್ತಿದ್ದರು. ಈಗ ಬಿಳಿ ಹುಳ ಯಾವ ಟ್ರೇಯಲ್ಲಿ ಜಾಸ್ತಿ ಉಂಟು ಎಂದು ಅವರೇ ನನಗೆ ಹೇಳುತ್ತಾರೆ.

ಕೊಟ್ಟದ್ದು ಮರಿಗೆ ಸೇರಿದೆಯಾ ಎಂದು ಗೊತ್ತಾಗಲು ಮರಿಯ ಕುತ್ತಿಗೆ ನೋಡಬೇಕು. ಮೊದಲ ವಾರ ಅದರ ಚರ್ಮ ಗಾಜಿನ ಕಾಗದದಂತೆ ತೆಳು. ಕುತ್ತಿಗೆಯ ಬದಿಯಲ್ಲಿ ಮೇವಿನ ಚೀಲ ಉಬ್ಬಿರುತ್ತದೆ. ಒಳಗೆ ನವಣೆ ಇದ್ದರೆ ತಿಳಿ ಹಳದಿ ಚುಕ್ಕಿಗಳು. ಹುಳ ಇದ್ದರೆ ಕಂದು ಗೆರೆ. ಸಂಜೆ ದೀಪ ಆರಿಸುವ ಮೊದಲು ಒಮ್ಮೆ, ಎರಡು ಸೆಕೆಂಡ್, ಗೂಡಿನ ಬಾಯಿಯಿಂದ ನೋಡಿದರೆ ಸಾಕು. ಮೇವಿನ ಚೀಲ ಖಾಲಿ ಇದ್ದರೆ ದೀಪ ಇನ್ನೊಂದು ಗಂಟೆ ಉರಿಯಲಿ, ಬಟ್ಟಲಿಗೆ ಹೊಸದಾಗಿ ಹುಳ ಹಾಕಿ.

ಮರಿಗಳು ಗೂಡು ಬಿಟ್ಟ ಮೇಲೂ ಎರಡು ಮೂರು ವಾರ ಅಪ್ಪ ಅಮ್ಮನೇ ತಿನ್ನಿಸುತ್ತವೆ. ಆಗ ಹುಳ ಮೆಲ್ಲಗೆ ಕಡಿಮೆ ಮಾಡುತ್ತಾ, ಮೊಳಕೆ ನವಣೆ ಜಾಸ್ತಿ ಮಾಡುತ್ತಾ ಬನ್ನಿ. ಕಳೆದ ನವೆಂಬರ್‌ನಲ್ಲಿ ಅದೇ ಕಾರ್ಡನ್ ಬ್ಲೂ ಜೋಡಿಯ ನಾಲ್ಕು ಮರಿಗಳು ಹೊರಗೆ ಬಂದವು. ಐದನೇ ದಿನ ಒಂದು ಮರಿ ಬಟ್ಟಲಿನ ಅಂಚಿಗೆ ಬಂದು ಕೂತು, ಅಲುಗುವ ಬಿಳಿ ಹುಳವನ್ನು ತಲೆ ಓರೆ ಮಾಡಿ ತುಂಬ ಹೊತ್ತು ನೋಡಿತು. ಹಿಡಿಯಿತು, ಬೀಳಿಸಿತು, ಮತ್ತೆ ಹಿಡಿಯಿತು. ಮೂರನೇ ಸಲಕ್ಕೆ ನುಂಗಿತು. ಅಪ್ಪ ಹಕ್ಕಿ ಕೊಂಬೆಯ ಮೇಲೆ ಕೂತು ಹಾಡಲು ಶುರು ಮಾಡಿತ್ತು. ಅವತ್ತೇ ನಾನು ದುಂಬಿಗಳನ್ನು ಹೊಸ ಟ್ರೇಗೆ ದಾಟಿಸಿ, ಹಳೆಯದಕ್ಕೆ ತಾರೀಕು ಬರೆದು ಅಂಟಿಸಿದೆ.